ಅಂಗೈಯಲ್ಲಿ ಕೇಳುವ ರೊಟ್ಟಿ

ಅಫಜಲಪುರದ ಬಸ್ ಸ್ಟ್ಯಾಂಡಿನಲ್ಲಿ ಸೊಲ್ಲಾಪುರದ ಮೊದಲ ಬಸ್ಸು ಇನ್ನೂ ಹೊರಟಿಲ್ಲ. ಕಂಡಕ್ಟರ್ ಬಸಿಯಲ್ಲಿ ಸುರಿದ ಚಹಾ ಊದಿಕೊಳ್ಳುತ್ತ ನಿಂತಿದ್ದಾನೆ. ಹಿಂದಿನ ಓಣಿಯ ಕಲ್ಯಾಣಪ್ಪನವರ ಖಾನಾವಳಿಯಲ್ಲಿ ಮಾತ್ರ ಕೆಲಸ ಶುರುವಾಗಿ ಬಹಳ ಹೊತ್ತಾಗಿದೆ. ಹಿತ್ತಲ ಕೋಣೆಯ ಒಲೆಯಲ್ಲಿ ತೊಗರಿ ಕಟ್ಟಿಗೆ ಚಟಚಟ ಉರಿಯುತ್ತದೆ. ಮಲ್ಕಮ್ಮ ಜೋಳದ ಹಿಟ್ಟಿಗೆ ಎಸರು ಹಾಕಿ ನಾದುತ್ತಾರೆ, ಉಂಡೆ ಮಾಡುತ್ತಾರೆ, ನೆಲಕ್ಕೆ ಹಾಸಿದ ಫರಸಿ ಕಲ್ಲಿನ ಮೇಲೆ ಒಣ ಹಿಟ್ಟು ಉದುರಿಸಿ ಬಡಿಯತೊಡಗುತ್ತಾರೆ. ಕೈ ರೊಟ್ಟಿಯ ಮೇಲಿದ್ದರೂ ಕಣ್ಣು ರೊಟ್ಟಿಯ ಮೇಲಿಲ್ಲ.

ಕಣ್ಣಿರುವುದು ಎಡಗಡೆ. ಅಲ್ಲಿ ಅದೇ ಕಲ್ಲಿನ ಇನ್ನೊಂದು ತುದಿಗೆ ಹತ್ತೊಂಬತ್ತರ ಹರೆಯದ ಮಗ ಅಣ್ಣಾರಾಯ ಕವುಚಿ ಮಲಗಿದ್ದಾನೆ. ಒಂದು ಕೆನ್ನೆ ಕಲ್ಲಿಗೆ, ಎರಡೂ ಅಂಗೈ ಕಲ್ಲಿಗೆ. ಅವನಿಗೆ ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ, ಕಿವಿಯೂ ಕೇಳುವುದಿಲ್ಲ. ತಾಯಿ ಬಡಿಯುವ ರೊಟ್ಟಿ ಕಲ್ಲಿನೊಳಗಿನಿಂದ ಹಾದು ಅವನ ಅಂಗೈಗೆ ಬರುತ್ತದೆ. ಅದು ಬರುತ್ತಿರುವವರೆಗೆ ಅವನು ಸುಮ್ಮನಿರುತ್ತಾನೆ, ತುಟಿಯ ಮೇಲೆ ಒಂದು ಸಣ್ಣ ನಗು. ನಿಂತರೆ ಮೊದಲು ಬೆರಳು ನಡುಗುತ್ತದೆ, ಆಮೇಲೆ ತುಟಿ, ಆಮೇಲೆ ಕೂಗು. ಆ ಕೂಗನ್ನು ಒಮ್ಮೆ ಕೇಳಿದವರಿಗೆ ಎರಡನೆಯ ಸಲ ಕೇಳುವ ಧೈರ್ಯ ಬರುವುದಿಲ್ಲ.

ಆದರೆ ರೊಟ್ಟಿ ಎಂದಮೇಲೆ ಬಡಿತ ನಿಲ್ಲಲೇಬೇಕಲ್ಲ. ಹಂಚಿಗೆ ಹಾಕಬೇಕು, ಒದ್ದೆ ಅರಿವೆಯಿಂದ ನೀರು ಸವರಬೇಕು, ಮಗುಚಬೇಕು. ಅದಕ್ಕೆ ಮಲ್ಕಮ್ಮ ಒಂದು ಉಪಾಯ ಮಾಡಿಕೊಂಡಿದ್ದಾರೆ. ಬಲಗೈ ಹಂಚಿನ ಮೇಲಿದ್ದಾಗ ಎಡಗೈ ಬರಿಗಲ್ಲನ್ನು ತಪತಪ ಬಡಿಯುತ್ತಿರುತ್ತದೆ. ಖಾನಾವಳಿಗೆ ಬರುವ ಗಿರಾಕಿಗಳಿಗೆ ಇದೆಲ್ಲ ರೊಟ್ಟಿಯದೇ ಸದ್ದು. ಅರ್ಧ ಸದ್ದಿನಲ್ಲಿ ರೊಟ್ಟಿಯೇ ಇಲ್ಲವೆಂದು ಅವರಿಗೆ ಗೊತ್ತಿಲ್ಲ.

“ಎಲ್ಲಾರೂ ಹೊಟ್ಟಿ ಸಲುವಾಗಿ ರೊಟ್ಟಿ ಬಡೀತಾರ್ರಿ ಸರ,” ಎನ್ನುತ್ತಾರೆ ಮಲ್ಕಮ್ಮ. “ನಾ ಇವನ ಕೈ ಸಲುವಾಗಿ ಬಡೀತೇನಿ.”

ಈ ಪುರವಣಿಗೆ ಓದುಗರ ಮನಸ್ಸು ಅರಳಿಸುವಂಥ ಒಬ್ಬರನ್ನು ಹುಡುಕಿಕೊಂಡು ಬಾ ಎಂದು ನನ್ನನ್ನು ಕಳಿಸಿದ್ದರು. ಅಫಜಲಪುರದಲ್ಲಿ ಯಾರನ್ನು ಕೇಳಿದರೂ ಕಲ್ಯಾಣಪ್ಪನವರ ಖಾನಾವಳಿಯ ರೊಟ್ಟಿ ತಿಂದು ಹೋಗಿ, ಹಪ್ಪಳದಂಥ ರೊಟ್ಟಿ ಎಂದರು. ಬಡಿಯುವವರು ಯಾರೆಂದು ಕೇಳಿದರೆ ಹೆಸರು ಗೊತ್ತಿರುವವರು ಸಿಗಲಿಲ್ಲ. ಸರಿ, ಇದೇ ನಮಗೆ ಬೇಕಾದ ಎಲೆಮರೆಯ ಕಾಯಿ ಎಂದು ಖುಷಿಯಾಗಿ ಹಿತ್ತಲಿಗೆ ನುಗ್ಗಿದೆ. ಮನಸ್ಸು ಅರಳಿಸುವ ಕೆಲಸ ನನ್ನಿಂದ ಈ ವಾರ ಆಗುವುದಿಲ್ಲ. ಭಾನುವಾರದ ನಾಷ್ಟಾ ಮಾಡುತ್ತ ಓದುವವರು ಬೇಕಾದರೆ ಪುಟ ತಿರುವಬಹುದು.

ಮಲ್ಕಮ್ಮನದು ಇದೇ ತಾಲ್ಲೂಕಿನ ಅತನೂರ. ಗಂಡ ದತ್ತಪ್ಪ ಆಗ ಮಂದಿಯ ಹೊಲ ಪಾಲಿಗೆ ಮಾಡುತ್ತಿದ್ದರು. ಬಸುರಿಯಾಗಿ ಮೂರು ತಿಂಗಳಾದಾಗ ಮಲ್ಕಮ್ಮನಿಗೆ ಜ್ವರ ಬಂದು ಮೈತುಂಬ ಕೆಂಪು ಗುಳ್ಳೆ ಎದ್ದವು. ನಾಲ್ಕು ದಿನಕ್ಕೆ ಹೋದವು, ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಹುಟ್ಟಿದ ಕೂಸಿನ ಕಣ್ಣಿನ ಗೊಂಬೆಯ ಮೇಲೆ ಬಿಳಿ ಹೂ ಬಿದ್ದಿತ್ತು. ಮಲ್ಕಮ್ಮ ತನ್ನ ತಂದೆಯ ಹೆಸರನ್ನೇ ಮಗನಿಗೆ ಇಟ್ಟು, ಕಣ್ಣು ಇಂದು ಬಂದಾವು ನಾಳೆ ಬಂದಾವು ಎಂದು ಕಾದರು. ಒಂದು ದಿನ ತೊಟ್ಟಿಲ ಪಕ್ಕದಲ್ಲೇ ಹಿತ್ತಾಳೆಯ ಕೊಡ ಬಿತ್ತು. ಮನೆಮಂದಿಯೆಲ್ಲ ಬೆಚ್ಚಿಬಿದ್ದರು, ತೊಟ್ಟಿಲಲ್ಲಿದ್ದವನು ಮಾತ್ರ ಮಲಗೇ ಇದ್ದ. ಆ ಸಂಜೆ ಮಲ್ಕಮ್ಮ ಉಣ್ಣಲಿಲ್ಲ.

ಆಮೇಲಿನದು ಇಂಥ ಎಲ್ಲ ತಾಯಂದಿರೂ ತುಳಿದ ದಾರಿ. ಸೊಲ್ಲಾಪುರಕ್ಕೆ ಹೋದರು, ಹೊತ್ತು ಮೀರಿದೆ ಎಂದರು. ದರ್ಗಾಕ್ಕೆ ಹೋದರು, ಮಠಕ್ಕೆ ಹೋದರು, ತಾಯಿತ ಕಟ್ಟಿಸಿದರು. ಮುಂದೊಂದು ದಿನ ಶಹರದ ಶಾಲೆಗಳಿಗೂ ಹೊತ್ತುಕೊಂಡು ಹೋದರು. ಕಿವುಡರ ಶಾಲೆಯವರು ಇವನಿಗೆ ಕಣ್ಣಿಲ್ಲವಲ್ಲ ಎಂದರು. ಕುರುಡರ ಶಾಲೆಯವರು ಇವನಿಗೆ ಕಿವಿಯಿಲ್ಲವಲ್ಲ ಎಂದರು. ಇಬ್ಬರೂ ಬಹಳ ಮರ್ಯಾದೆಯಿಂದಲೇ ಮಾತಾಡಿದರಂತೆ, ಚಹಾ ಕೂಡ ಕೊಟ್ಟರಂತೆ. ಕಣ್ಣು, ಕಿವಿ ಎರಡೂ ಇಲ್ಲದ ಮಕ್ಕಳು ಎಲ್ಲಿ ಕಲಿಯಬೇಕು ಎಂದು ಮಲ್ಕಮ್ಮ ಕೇಳಿದ್ದಕ್ಕೆ ಉತ್ತರ ಕೊಟ್ಟವರು ಯಾರೂ ಇಲ್ಲ. ನನಗೂ ಗೊತ್ತಿಲ್ಲ.

ಶಾಲೆಯ ಮಾತು ಬರುವ ಮೊದಲೇ ಆ ಕೂಸು ತನ್ನದೇ ಒಂದು ಬಾಳುವೆ ಕಟ್ಟಿಕೊಂಡಿತ್ತು. ಗೋಡೆ ಸವರುತ್ತ ನಡುಮನೆಯಿಂದ ಪಡಸಾಲೆಗೆ ಬರುತ್ತಿದ್ದ. ಆಕಳ ಹೊಟ್ಟೆಗೆ ಕೈಯಿಟ್ಟು ಅದು ಉಸಿರಾಡುವುದನ್ನು ಅರಿತು ನಗುತ್ತಿದ್ದ. ಅಜ್ಜಿ, ದತ್ತಪ್ಪನ ತಾಯಿ ಹೀರಾಬಾಯಿಯ ಕಿವಿಯೋಲೆ ಮುಟ್ಟಿದ ಕೂಡಲೆ ತೊಡೆಯೇರಿ ಕೂಡುತ್ತಿದ್ದ. ನಾಲ್ಕು ತುಂಬಿ ಐದಕ್ಕೆ ಬಿದ್ದಾಗ ಐದಾರು ಹೆಜ್ಜೆ ಯಾರ ಆಸರೆಯೂ ಇಲ್ಲದೆ ಇಟ್ಟ. ಆ ಒಂದು ವರ್ಷ ತಾನು ಸುಖವಾಗಿದ್ದೆ ಎನ್ನುತ್ತಾರೆ ಮಲ್ಕಮ್ಮ. ಸುಖ ಎಂಬ ಮಾತು ಅವರ ಬಾಯಿಂದ ಬಂದದ್ದು ಅದೊಂದೇ ಸಲ.

ಆಮೇಲೆ ಗ್ರಹಣ ಬಂತು. ಎಂಬತ್ತನೆಯ ಇಸವಿಯ ಶಿವರಾತ್ರಿ ಮುಗಿದ ಅಮಾವಾಸ್ಯೆಯ ಮಧ್ಯಾಹ್ನ. ಕಲಬುರ್ಗಿ ಸೀಮೆಯವರಿಗೆ ಹೇಳಬೇಕಾಗಿಲ್ಲ, ಹೊರಗಿನವರಿಗೆ ಹೇಳಬೇಕು: ಕೈಕಾಲು ಸರಿಯಿಲ್ಲದ, ಕಣ್ಣು ಕಿವಿ ಇಲ್ಲದ ಮಕ್ಕಳನ್ನು ಗ್ರಹಣದ ಹೊತ್ತಿನಲ್ಲಿ ತಿಪ್ಪೆಯಲ್ಲಿ ಕುತ್ತಿಗೆಯವರೆಗೆ ಹೂಳಿದರೆ ಊನ ಹೋಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇದೆ. ಇಂಥ ದೊಡ್ಡ ಗ್ರಹಣ ಜನ್ಮಕ್ಕೊಮ್ಮೆ ಬರುವುದು, ಬಿಡಬೇಡ ಎಂದು ಊರಿಗೆ ಊರೇ ಹೇಳಿತು. ಹೀರಾಬಾಯಿ ಹಟಮಾರಿಯೇನಲ್ಲ, ಮೊಮ್ಮಗನ ಮೇಲೆ ಜೀವ ಇಟ್ಟುಕೊಂಡ ಮುದುಕಿ. ಜೀವ ಇಟ್ಟುಕೊಂಡದ್ದಕ್ಕೇ ಗುಂಡಿ ತೋಡಿಸಿದರು.

ಹೊರಗೆ ಬರಬೇಡಿ, ಸೂರ್ಯನನ್ನು ನೋಡಬೇಡಿ ಎಂದು ರೇಡಿಯೊದವರು ಬೇರೆ ಹೇಳಿದ್ದರು. ಅತನೂರಿನ ಬಾಗಿಲುಗಳೆಲ್ಲ ಮುಚ್ಚಿದ್ದವು. ತಿಪ್ಪೆಯ ಹತ್ತಿರ ಮಲ್ಕಮ್ಮ ಒಬ್ಬರೇ, ಮಣ್ಣಿನ ಮೇಲೆ ಕಾಣುವ ಮಗನ ತಲೆಗೆ ಸೆರಗು ಹೊದಿಸಿ ಕೂತಿದ್ದರು. ಬೆಳಕು ಕಂದಿತು, ಕೋಳಿಗಳು ಗೂಡು ಸೇರಿದವು. ಕತ್ತಲೆ ಬೆಳಕಿನ ಗೊಡವೆಯೇ ಇಲ್ಲದ ಹುಡುಗ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದ. ಗ್ರಹಣ ಬಿಡುವವರೆಗೆ ತೆಗೆಯಬಾರದು ಎಂದಿದ್ದರು, ತಾಯಿ ತೆಗೆಯಲಿಲ್ಲ.

ಮಲ್ಕಮ್ಮ ಇದನ್ನು ಹೇಳುವಾಗ ಎಡಗೈಯ ಬಡಿತ ಜೋರಾಗುತ್ತದೆ. “ಕಣ್ಣಿಲ್ಲ, ಕಿವಿ ಇಲ್ಲ. ಎಲ್ಲಾ ಕೈಲಿಂದೇ ನೋಡ್ತಿದ್ದ ನನ್ನ ಕೂಸು. ಆ ಕೈನೇ ಮಣ್ಣಾಗ ಹುಗದ್ವಿರಿ. ಇಷ್ಟು ನಮಗ ಹೊಳೀಲಿಲ್ಲ.”

ಮಣ್ಣಿನಿಂದ ತೆಗೆದಮೇಲೆ ಅಣ್ಣಾರಾಯ ಮತ್ತೆ ಆಸರೆಯಿಲ್ಲದೆ ಹೆಜ್ಜೆ ಇಡಲಿಲ್ಲ. ಮೈ ತೊಳೆಸಿದರೂ ಕೂಗು ನಿಲ್ಲಲಿಲ್ಲ, ಎದೆಗೆ ಅಪ್ಪಿಕೊಂಡರೂ ನಿಲ್ಲಲಿಲ್ಲ, ಅಜ್ಜಿಯ ಕಿವಿಯೋಲೆ ಕೈಗೆ ಕೊಟ್ಟರೂ ನಿಲ್ಲಲಿಲ್ಲ. ಗ್ರಹಣ ಕಳೆದಮೇಲೆ ಒಲೆ ಸಾರಿಸಿ ಹೊಸದಾಗಿ ಅಡಿಗೆ ಮಾಡಬೇಕು. ಸೊಸೆಯಾದ ಮಲ್ಕಮ್ಮ ಮಗನನ್ನು ಪಕ್ಕದ ನೆಲಕ್ಕೆ ಹಾಕಿಕೊಂಡು ಅಳುತ್ತಲೇ ರೊಟ್ಟಿಗೆ ಕೂತರು. ನಾಲ್ಕು ಸಲ ಬಡಿಯುವುದರೊಳಗೆ ಕೂಗು ನಿಂತಿತು. ಹುಡುಗನ ಅಂಗೈ ನೆಲಕ್ಕೆ ಅಂಟಿಕೊಂಡಿತ್ತು. ಮಣ್ಣಿನಿಂದ ಹೊರಗೆ ಬಂದಿದ್ದೇನೆ ಎಂದು ಅವನಿಗೆ ತಿಳಿದದ್ದು ಆಗಲೇ ಇರಬೇಕು.

ಆದರೆ ಒಂದು ಮನೆಯ ರೊಟ್ಟಿ ಎಷ್ಟು ಹೊತ್ತಿನದು? ಮುಗಿದ ಕೂಡಲೆ ಮತ್ತೆ ಕೂಗು. ಮಲ್ಕಮ್ಮ ನೆರೆಮನೆಯ ರೊಟ್ಟಿ ಬಡಿದರು, ಮದುವೆ ಮನೆಗಳ ರೊಟ್ಟಿ ಬಡಿದರು, ಹಿಟ್ಟಿಲ್ಲದಾಗ ಬರಿನೆಲ ಬಡಿದರು. ಊರವರಿಗೆ ನಿದ್ದೆಯಿಲ್ಲ, ದತ್ತಪ್ಪನಿಗೆ ನೆಮ್ಮದಿಯಿಲ್ಲ. ಇಡೀ ದಿನ ರೊಟ್ಟಿ ಬಡಿಯುವ ಜಾಗ ಎಲ್ಲಿದೆ ಎಂದು ವಿಚಾರಿಸಿ, ಮಗನನ್ನು ಬೆನ್ನಿಗೆ ಕಟ್ಟಿಕೊಂಡು ಕಲ್ಯಾಣಪ್ಪನವರ ಬಾಗಿಲಿಗೆ ಬಂದು ನಿಂತರು. ಪಗಾರ ಎಷ್ಟು ಎಂದು ಕೇಳಲೇ ಇಲ್ಲ ಈ ಹೆಣ್ಣುಮಗಳು, ನೆಲಕ್ಕೆ ಎಂಥ ಕಲ್ಲು ಹಾಸಿದ್ದೀರಿ ಎಂದು ಕೇಳಿದಳು ಎಂದು ಕಲ್ಯಾಣಪ್ಪ ಈಗಲೂ ಗಿರಾಕಿಗಳ ಮುಂದೆ ಹೇಳಿ ನಗುತ್ತಾರೆ. ಪೂರಾ ಕಥೆ ಗೊತ್ತಿರುವುದರಿಂದ ಆ ನಗು ಬಹಳ ಹೊತ್ತು ನಿಲ್ಲುವುದಿಲ್ಲ.

ದತ್ತಪ್ಪ ಕೆಲವು ದಿನ ಬಂದು ಹೋಗಿ ಮಾಡಿದರು. ಇನ್ನೊಂದು ಕೂಸಾಗಲಿ ಎಂದರು. ಮಲ್ಕಮ್ಮನಿಗೆ ಹೆದರಿಕೆ, ಒಲ್ಲೆ ಎಂದರು. ಆತ ಖಜೂರಿ ಎಂಬ ಊರಿಗೆ ಹೋಗಿ ಲಾರಿಗಳಿಗೆ ಮಾಲು ತುಂಬುವ ಕೆಲಸ ಹಿಡಿದು, ಅಲ್ಲೇ ಮತ್ತೊಂದು ಸಂಸಾರ ಹೂಡಿದರು. ಸುಗ್ಗಿಗೆ ಒಂದು ಚೀಲ ಜೋಳ ಕಳಿಸುತ್ತಾರೆ. ಗಂಡನ ಮೇಲೆ ಸಿಟ್ಟಿಲ್ಲವೇ ಎಂದರೆ, ಸಿಟ್ಟು ಮಾಡಲಿಕ್ಕೂ ಪುರುಸೊತ್ತು ಬೇಕಲ್ಲ ಎಂದು ಉಂಡೆಯನ್ನು ಕಲ್ಲಿಗೆ ಒಗೆಯುತ್ತಾರೆ.

ದಿನಕ್ಕೆ ಮುನ್ನೂರರ ಹತ್ತಿರ ರೊಟ್ಟಿ. ನಸುಕಿನಲ್ಲಿ ಶುರುವಾದರೆ ದೀಪ ಹಚ್ಚುವವರೆಗೆ. ನಡುವೆ ಮಗನಿಗೆ ಜಳಕ, ಊಟ, ಉಳಿದದ್ದೆಲ್ಲ. ನಿದ್ದೆ ಹತ್ತುವವರೆಗೆ ಅವನ ಬೆನ್ನ ಮೇಲೆ ಬೆರಳಿನಿಂದ ಬಡಿಯುವುದು. ಹಬ್ಬ ಇಲ್ಲ, ತವರು ಇಲ್ಲ, ಒಂದು ಸಿನೆಮಾ ಇಲ್ಲ. ಅಮಾವಾಸ್ಯೆಗೆ ಖಾನಾವಳಿ ರಜೆ ಇರುತ್ತದೆ, ಮಲ್ಕಮ್ಮನಿಗಿಲ್ಲ. ಅವತ್ತು ಹಿಟ್ಟಿಲ್ಲದೆ ಬಡಿಯುತ್ತಾರೆ.

ಒಂದೇ ಒಂದು ಸಲ ಹಬ್ಬದಂಥ ದಿನ ಬಂದಿತ್ತು. ಮಗನಿಗೆ ಹತ್ತೋ ಹನ್ನೊಂದೋ ವರ್ಷ. ಇವರು ತಪತಪ ಎಂದು ಬಡಿದು ನಿಲ್ಲಿಸಿದಾಗ ಆ ಕಡೆಯಿಂದ ಅವನು ತನ್ನ ಅಂಗೈಯಿಂದ ತಪತಪ ಎಂದು ಕಲ್ಲು ಬಡಿದ. ಇವರು ಮತ್ತೆ ಬಡಿದರು, ಅವನೂ ಬಡಿದ. ಮಲ್ಕಮ್ಮ ಹಂಚಿನ ಮೇಲಿನ ರೊಟ್ಟಿಯನ್ನು ಕರಿಕಾಗಲು ಬಿಟ್ಟು ಓಣಿಗೆ ಓಡಿ, ನನ್ನ ಮಗ ಮಾತಾಡಿದ ಎಂದು ಮನೆಮನೆಗೆ ಸಕ್ಕರೆ ಹಂಚಿದರು. ಮರುದಿನ ಓಣಿಯ ಹೆಂಗಸರೆಲ್ಲ ನೋಡಲು ಬಂದು ಕೂತರು. ಅವನು ಬಡಿಯಲಿಲ್ಲ. ಆ ವಾರ ಬಡಿಯಲಿಲ್ಲ, ಆ ವರ್ಷ ಬಡಿಯಲಿಲ್ಲ. ಇವತ್ತಿನವರೆಗೂ ಬಡಿದಿಲ್ಲ. ಸಕ್ಕರೆ ತಿಂದವರು ಪಾಪ ಏನೂ ಅನ್ನಲಿಲ್ಲ. ಆದರೂ ಬಹಳ ದಿನ ಮಲ್ಕಮ್ಮ ಓಣಿಯಲ್ಲಿ ತಲೆ ತಗ್ಗಿಸಿಯೇ ಓಡಾಡಿದರು.

ಹುಡುಗ ಬೆಳೆದ. ಬೆನ್ನಿಗೆ ಕಟ್ಟುವುದು ಹೋಗಿ ಎತ್ತುವುದು ಬಂತು, ಎತ್ತುವುದು ಹೋಗಿ ಎಳೆಯುವುದು ಬಂತು. “ಮಂದಿ ಮಕ್ಕಳಿಗಿ ಮೀಸಿ ಬಂದ್ರ ತಾಯಿಗಿ ಹಿಗ್ಗ ಆಗ್ತದ. ನನಗ ಅವತ್ತ ಎದಿ ಒಡದಂಗ ಆತು,” ಎನ್ನುತ್ತಾರೆ. “ಇವ ದೊಡ್ಡಾವ ಆಗಾಕತ್ತಾನ, ನಾ ಮುದುಕಿ ಆಗಾಕತ್ತೇನಿ. ಮುಂದ ಹ್ಯಾಂಗ್ರಿ?” ಹರೆಯದ ಮಗನಿಗೆ ತಾಯಿ ಜಳಕ ಮಾಡಿಸುವುದನ್ನು ಕಂಡು ಮುಸಿಮುಸಿ ನಕ್ಕವರೂ ಇದ್ದಾರೆ. ಅಂಥ ಒಂದು ನಗೆಯ ಮರುದಿನ ಮಲ್ಕಮ್ಮ ಗಾಡಿ ಮಾಡಿಸಿಕೊಂಡು ಮಗನನ್ನು ಭೀಮಾ ದಂಡೆಗೆ ಕರೆದೊಯ್ದಿದ್ದರು. ಯಾತಕ್ಕೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹರಿಯುವ ನೀರು ಕಾಲಿಗೆ ತಾಕಿದ ಕೂಡಲೆ ಅಣ್ಣಾರಾಯ ನಕ್ಕನಂತೆ. ಗಾಡಿ ತಿರುಗಿಸಿಕೊಂಡು ಬಂದರು.

ಅಂದಿನಿಂದ ಅವರು ದೇವರಲ್ಲಿ ಕೇಳುತ್ತ ಬಂದದ್ದು ಒಂದೇ. ನನಗಿಂತ ಒಂದು ದಿನ ಮೊದಲು ಇವನನ್ನು ಕರೆದುಕೋ. ಹೆತ್ತ ತಾಯಿ ದಿನಾ ಕೈಮುಗಿದು ಮಗನ ಸಾವು ಬೇಡುವುದು ಎಂದರೆ ಏನೆಂದು ನಾನು ವರ್ಣಿಸಲಾರೆ. ತಾನಿಲ್ಲದಿದ್ದರೆ ಅವನು ಕೂಗಿ ಕೂಗಿ ಸಾಯುತ್ತಾನೆ ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ.

ಹೋದ ವರ್ಷ ಅದಕ್ಕೆ ಪರೀಕ್ಷೆ ಬಂತು. ಮಲ್ಕಮ್ಮನ ಹೊಟ್ಟೆಯಲ್ಲಿ ಗಡ್ಡೆಯಾಗಿತ್ತು, ಕಲಬುರ್ಗಿಗೆ ಹೋಗಿ ಆಪರೇಷನ್ ಮಾಡಿಸಿಕೊಳ್ಳಬೇಕು, ಎರಡು ವಾರ ಮಲಗಬೇಕು. ಒಲ್ಲೆ ಎಂದು ಹಟ ಹಿಡಿದರು. ಕಲ್ಯಾಣಪ್ಪ ಬೈದು ಬಸ್ ಹತ್ತಿಸಿದರು. ಒಲೆಯ ಮುಂದೆ ಕೂತದ್ದು ಚಾಂದಬೀ, ಖಾನಾವಳಿಯಲ್ಲಿ ಭಾಂಡೆ ತಿಕ್ಕುವ ಹೆಣ್ಣುಮಗಳು. ಮಲ್ಕಮ್ಮನನ್ನು ನೋಡುತ್ತ ನೋಡುತ್ತ ರೊಟ್ಟಿ ಕಲಿತವಳು. ಆಸ್ಪತ್ರೆಯಲ್ಲಿ ಮಲ್ಕಮ್ಮನಿಗೆ ಹೊಟ್ಟೆಯ ನೋವಿಗಿಂತ ಹೆಚ್ಚಾಗಿ ಮಗನ ಕೂಗೇ ಕೇಳುತ್ತಿತ್ತಂತೆ. ಹುಡುಗ ಆರಾಮ ಇದ್ದಾನೆ ಎಂದು ಬಂದವರೆಲ್ಲ ಹೇಳಿದರು. ರೋಗಿಗೆ ಹೇಳುವ ಸುಳ್ಳು ಎಂದುಕೊಂಡರು.

ಹೊಲಿಗೆ ಬಿಚ್ಚಿಸಿಕೊಂಡು, ಬಸ್ಸಿಳಿದು, ಹೊಟ್ಟೆ ಹಿಡಿದುಕೊಂಡು ಓಣಿಗೆ ಬಂದರೆ ಕೂಗಿಲ್ಲ. ಬಾಗಿಲಲ್ಲಿ ನಿಂತು ನೋಡಿದರು. ಚಾಂದಬೀ ಬಡಿಯುತ್ತಿದ್ದಾಳೆ. ಅಣ್ಣಾರಾಯ ಕಲ್ಲಿಗೆ ಕೆನ್ನೆ ಹಚ್ಚಿ ಮಲಗಿದ್ದಾನೆ. ಇಷ್ಟು ವರ್ಷ ತನಗಾಗಿಯೇ ಎಂದು ಮಲ್ಕಮ್ಮ ಅಂದುಕೊಂಡಿದ್ದ ಆ ಸಣ್ಣ ನಗು ತುಟಿಯ ಮೇಲೆ ಹಾಗೆಯೇ ಇದೆ.

ಚಾಂದಬೀ ಒಳ್ಳೆಯ ಸುದ್ದಿ ಎಂದೇ ಹೇಳಿದಳು: “ಅಕ್ಕಾ, ಒಂದ್ ದಿನಾನೂ ಅಳಲಿಲ್ಲ ನೋಡು. ನೀ ಸುಮ್ನ ಫಿಕೀರ್ ಮಾಡ್ಕೊಂಡಿ.”

ಮಲ್ಕಮ್ಮ ಹತ್ತಿರ ಕೂತು ಮಗನ ಅಂಗೈ ಎತ್ತಿ ತನ್ನ ಕೆನ್ನೆಗೆ ಇಟ್ಟುಕೊಂಡರು. ಅವನು ಮೆಲ್ಲಗೆ ಬಿಡಿಸಿಕೊಂಡು ಮತ್ತೆ ಕಲ್ಲಿನ ಮೇಲಿಟ್ಟ. ಇನ್ನೊಮ್ಮೆ ಎತ್ತಿದರು, ಮತ್ತೆ ಬಿಡಿಸಿಕೊಂಡ. ಬಡಿತಕ್ಕೆ ಅಡ್ಡ ಬಂದ ಯಾವುದೋ ಕೈ ಅದು, ಅಷ್ಟೆ. ಅವರು ಎದ್ದು ಬಸ್ ಸ್ಟ್ಯಾಂಡಿಗೆ ಹೋಗಿ ಸಂಜೆಯವರೆಗೆ ಕೂತಿದ್ದರು.

“ನಾ ಅವನ ತಾಯಿ ಅಂತ ತಿಳ್ಕೊಂಡಿದ್ದೆರಿ ಸರ,” ಎಂದು ಮಲ್ಕಮ್ಮ ನನಗೆ ಹೇಳುತ್ತಾರೆ. “ಅವಂಗ ನಾ ಕಲ್ಲಾಗಿನ ಸಪ್ಪಳ ಅಷ್ಟ.”

ಹಾಗಲ್ಲ, ಅವನಿಗೆ ತಿಳಿಸಲು ಬರುವುದಿಲ್ಲ, ಒಳಗೆ ಗೊತ್ತಿರುತ್ತದೆ ಎಂದು ನಾನು ಏನೇನೋ ಹೇಳುತ್ತೇನೆ. ಸಮಾಧಾನ ಮಾಡಬೇಡಿ ಎನ್ನುತ್ತಾರೆ, ಸಿಟ್ಟಿನಿಂದಲ್ಲ. ಹದಿನಾಲ್ಕು ವರ್ಷ ಮೊಣಕೈವರೆಗೆ ಸುಟ್ಟುಕೊಂಡು ಬಡಿದ ತಾಯಿಗೆ ಇದಕ್ಕಿಂತ ದೊಡ್ಡ ಪೆಟ್ಟು ಯಾವುದಿದೆ ಎಂದು ನನಗೆ ತಿಳಿಯದು. ಗಂಡ ಬಿಟ್ಟದ್ದನ್ನು ನುಂಗಿದರು, ಗ್ರಹಣದ ಗುಂಡಿಯನ್ನೂ ಹೇಗೋ ನುಂಗಿದರು. ಇದು ಗಂಟಲಲ್ಲಿ ಸಿಕ್ಕಿಕೊಂಡೇ ಇದೆ.

ಆದರೆ ಕೆಲವು ವಾರ ಕಳೆದಮೇಲೆ, ಒಲೆಯ ಮುಂದೆ ಕೂತಿದ್ದಾಗಲೇ, ಅವರಿಗೆ ಇನ್ನೊಂದು ಹೊಳೆಯಿತು. ಯಾರು ಬಡಿದರೂ ಸುಮ್ಮನಿರುವವನು ತಾನು ಹೋದಮೇಲೂ ಬದುಕುತ್ತಾನೆ. ಅವತ್ತಿನಿಂದ ದೇವರಿಗೆ ಮಗನ ಸಾವು ಕೇಳುವುದನ್ನು ಬಿಟ್ಟಿದ್ದಾರೆ. ಆ ಕಲ್ಲು, ಆ ಮೂಲೆ ತಾನಿರುವವರೆಗೆ ಅಣ್ಣಾರಾಯನದೇ ಎಂದು ಕಲ್ಯಾಣಪ್ಪ ಮಾತು ಕೊಟ್ಟಿದ್ದಾರೆ. ಚಾಂದಬೀಯ ರೊಟ್ಟಿ ದಪ್ಪ, ಅಂಚು ಸೀಳುತ್ತದೆ, ಗಿರಾಕಿಗಳು ಗೊಣಗುತ್ತಾರೆ. ಬಾಯಿ ಮುಚ್ಚಿಕೊಂಡು ತಿನ್ನಿ ಎಂದು ಕಲ್ಯಾಣಪ್ಪ ಅವರಿಗೆ ಇನ್ನೊಂದು ಸೌಟು ಪುಂಡಿಪಲ್ಯ ಹಾಕುತ್ತಾರೆ.

ಈಗ ಮಲ್ಕಮ್ಮ ದಿನಾ ಮಧ್ಯಾಹ್ನ ಹಿಟ್ಟಿನ ಪರಾತವನ್ನು ಚಾಂದಬೀಯ ಕಡೆ ಸರಿಸಿ ಹೊರಗೆ ಹೋಗುತ್ತಾರೆ. ಮೊದಮೊದಲು ಅರ್ಧ ತಾಸು, ಈಗ ಹೊತ್ತಿಳಿಯುವವರೆಗೆ. ಕೆಲಸಕ್ಕಲ್ಲ, ಸಂತೆಗಲ್ಲ. ಓಣಿಯ ಎದುರಿನ ಕಟ್ಟೆಯ ಮೇಲೆ ಸುಮ್ಮನೆ ಕೂಡುತ್ತಾರೆ. ಎರಡೂ ಕೈ ತೊಡೆಯ ಮೇಲೆ ಖಾಲಿ ಬಿದ್ದಿರುತ್ತವೆ. ಮಗ ತಾನಿಲ್ಲದೆ ಇರುವುದನ್ನು ರೂಢಿ ಮಾಡಿಕೊಳ್ಳಲಿ ಎಂದು.

“ದಿನಾ ಒಂದೀಟೊಂದೀಟು ಸಾಯೂದು ಕಲಿಯಾಕತ್ತೇನ್ರಿ,” ಎನ್ನುತ್ತಾರೆ.

ಈ ಮಧ್ಯಾಹ್ನ ನಾನೂ ಅವರ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತಿದ್ದೇನೆ. ಒಳಗಿನಿಂದ ಚಾಂದಬೀಯ ಬಡಿತ ಕೇಳುತ್ತದೆ, ಮಲ್ಕಮ್ಮನದಕ್ಕಿಂತ ನಿಧಾನ, ಸ್ವಲ್ಪ ಭಾರ. ಮಾತು ಮುಗಿದಿದೆ. ಎಲ್ಲರನ್ನೂ ಕೇಳುವ ಹಾಗೆ ಇವರನ್ನೂ ಕೇಳುತ್ತೇನೆ, ನಿಮ್ಮದು ಆಸೆ ಅಂತ ಏನಾದರೂ ಇದೆಯೇ ಎಂದು. ಒಳಗೆ ಹೋಗಿ ಅವನು ಅಳುತ್ತಿದ್ದಾನೋ ಏನೋ ನೋಡಿ ಬನ್ನಿ ಎನ್ನುತ್ತಾರೆ.

ಹೋಗಿ ನೋಡುತ್ತೇನೆ. ಅಣ್ಣಾರಾಯ ಕಲ್ಲಿಗೆ ಕೆನ್ನೆ ಹಚ್ಚಿ ಮಲಗಿದ್ದಾನೆ. ಹೊರಗೆ ಬಂದು, ಇಲ್ಲ, ಆರಾಮಾಗಿ ಮಲಗಿದ್ದಾನೆ ಎನ್ನುತ್ತೇನೆ.

“ಛಲೋ ಆತು,” ಎನ್ನುತ್ತಾರೆ ಮಲ್ಕಮ್ಮ.

ಜೇವರ್ಗಿಯ ಬಸ್ಸು ಧೂಳೆಬ್ಬಿಸಿಕೊಂಡು ಹೋಗುತ್ತದೆ. ಅವರು ಸೆರಗು ಎಳೆದುಕೊಂಡು ನನ್ನ ಕಡೆ ನೋಡದೆಯೇ ಕೇಳುತ್ತಾರೆ:

“ಖರೇ ಹೇಳ್ರಿ ಸರ. ಒಂದೀಟೂ ಅಳಾಕತ್ತಿಲ್ಲೇನ್ರಿ?”